ಹಕ್ಕಿ, ಹೂವು ಮತ್ತು ಅಂಚಿನ ಎರಡು ಸಾಲು



ಇವತ್ತಿನ ವಿಷಯ ಜಪಾನಿನದು. ಆದರೆ ಮಲ್ಕಾಜ್‌ಗಿರಿಯಲ್ಲಿ ಕೂತು ಈ ಕಾರ್ಯಕ್ರಮ ಕೇಳುವ ನಮ್ಮ ಮನೆಗಳಿಗೂ ಇದಕ್ಕೂ ನಂಟಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಜಪಾನಿನಲ್ಲಿ ಕಚೋ-ಎ ಎಂಬ ಚಿತ್ರಪ್ರಕಾರವಿದೆ. ‘ಕ’ ಎಂದರೆ ಹೂವು, ‘ಚೋ’ ಎಂದರೆ ಹಕ್ಕಿ, ‘ಎ’ ಎಂದರೆ ಚಿತ್ರ. ಇದರಲ್ಲಿ ದೊಡ್ಡ ಹೆಸರು ಹಿರೋಶಿಗೆಯದು (1797–1858). ಎಡೋ ನಗರದಲ್ಲಿ, ಅಂದರೆ ಈಗಿನ ಟೋಕಿಯೋದಲ್ಲಿ, ಬೆಂಕಿ ನಂದಿಸುವ ಕೆಲಸದವರ ಮನೆಯಲ್ಲಿ ಹುಟ್ಟಿದವನು. 1830ರ ದಶಕದಲ್ಲಿ ಅವನು ಹಕ್ಕಿ-ಹೂವಿನ ಅಚ್ಚುಚಿತ್ರಗಳನ್ನು ಸಾಲುಸಾಲಾಗಿ ಮಾಡಿದ. ಎತ್ತರ ಸುಮಾರು 38 ಸೆಂ.ಮೀ., ಅಗಲ 17 ಸೆಂ.ಮೀ. ಇಷ್ಟು ಉದ್ದನೆಯ ಆಕಾರ ಏಕೆ ಗೊತ್ತೇ? ಜಪಾನೀಯರು ಪದ್ಯ ಬರೆಯುತ್ತಿದ್ದ ಕಾಗದದ ಪಟ್ಟಿಯ ಆಕಾರ ಅದು. ಚಿತ್ರಕ್ಕೆ ಪದ್ಯ ಸೇರಿಸಿದರು ಅನ್ನುವುದಕ್ಕಿಂತ, ಪದ್ಯದ ಮನೆಗೆ ಚಿತ್ರ ಬಾಡಿಗೆಗೆ ಬಂತು ಅನ್ನಬಹುದು!

ಮಾಡುವ ಕ್ರಮ ಹೀಗೆ. ಕಲಾವಿದ ತೆಳು ಕಾಗದದ ಮೇಲೆ ಬರೆದುಕೊಡುತ್ತಾನೆ. ಅದನ್ನು ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ ಬೇರೊಬ್ಬ ಕೆತ್ತುತ್ತಾನೆ. ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು. ಮೂರನೆಯವನು ಒದ್ದೆ ಕಾಗದ ಹಾಸಿ, ಬಿದಿರಿನ ಸಿಪ್ಪೆ ಸುತ್ತಿದ ಬಿಲ್ಲೆಯಿಂದ ಕೈಯಲ್ಲೇ ಉಜ್ಜಿ ಮುದ್ರಿಸುತ್ತಾನೆ. ಯಂತ್ರವಿಲ್ಲ. ಮಚಲಿಪಟ್ಟಣದ ಅಚ್ಚಿನ ಬಟ್ಟೆ ಕಂಡವರಿಗೆ ಇದು ಪೂರ್ತಿ ಅಪರಿಚಿತವಲ್ಲ. ಆದರೆ ಇಲ್ಲಿ ಹಕ್ಕಿಯ ರೆಕ್ಕೆಯ ಜೊತೆಗೆ ಕುಂಚದಿಂದ ಬರೆದ ಪದ್ಯದ ಅಕ್ಷರವನ್ನೂ ಮರದಲ್ಲಿ ತಿರುವುಮುರುವಾಗಿ ಕೆತ್ತಬೇಕು.

ಅವನ ಒಂದು ಪ್ರಸಿದ್ಧ ಚಿತ್ರದಲ್ಲಿ ಮೂರು ಹೆಬ್ಬಾತುಗಳು ತುಂಬು ಚಂದ್ರನ ಮುಂದೆ ಕೆಳಗಿಳಿಯುತ್ತಿವೆ. 1949ರಲ್ಲಿ ಜಪಾನ್ ಇದನ್ನು ಅಂಚೆಚೀಟಿಯಾಗಿಯೂ ತಂದಿತು. (ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಿದವರು ಈ ಹಕ್ಕಿಗಳ ಗತ್ತನ್ನು ಬಲ್ಲರು.) ಪಕ್ಕದ ಹಾಯ್ಕು ಹೆಬ್ಬಾತುಗಳ ಅಂದಚೆಂದ ಬಣ್ಣಿಸುವುದಿಲ್ಲ. ಇಂಥ ರಾತ್ರಿಯ ಬಗ್ಗೆ ಬೆರಗುಪಡುತ್ತದೆ, ಅಷ್ಟೇ. ಚಿತ್ರ ಕಣ್ಣಿಗೆ ಕಂಡದ್ದನ್ನು ಹೇಳಿದರೆ ಪದ್ಯ ಆ ಹೊತ್ತು ಕಳೆದುಹೋಗುವುದನ್ನು ಹೇಳುತ್ತದೆ.

ದುಃಖದ ಸಂಗತಿಯೆಂದರೆ, ಇವತ್ತು ಹೆಚ್ಚಿನ ಜಪಾನೀಯರೇ ಆ ಅಕ್ಷರಗಳನ್ನು ಓದಲಾರರು. 1900ರಲ್ಲಿ ಶಾಲೆಗಳಲ್ಲಿ ಒಂದೇ ಬಗೆಯ ಕಾನಾ ಅಕ್ಷರ ಜಾರಿಗೆ ಬಂತು, ಹಳೆಯ ಕೂಡುಬರಹ ಮೆಲ್ಲಗೆ ಮರೆತುಹೋಯಿತು. ಓದಿಕೊಡಲು 2021ರಲ್ಲಿ ‘ಮಿವೋ’ ಎಂಬ ಮೊಬೈಲ್ ಆಪ್ ಬರಬೇಕಾಯಿತು. ತಾತನ ಕಾಲದ ಚಿತ್ರ ಗೋಡೆಯ ಮೇಲಿದೆ, ಮೊಮ್ಮಗನಿಗೆ ಅದರಲ್ಲಿ ಅರ್ಧ ಮಾತ್ರ ಕಾಣುತ್ತದೆ.

ನಂಟು ಇರುವುದು ಇಲ್ಲೇ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ಇಂಗ್ಲಿಷ್, ತೆಲುಗು, ಹಿಂದಿ ಬರೆಯುತ್ತಾರೆ. ಅಜ್ಜಿಯ ಪತ್ರ ಕೈಗೆ ಕೊಟ್ಟರೆ? ಎಷ್ಟೋ ಮನೆಗಳಲ್ಲಿ ಅದು ಬರೀ ಚಿತ್ರವೇ. ಈ ತೆಲಂಗಾಣದ ನೆಲದಲ್ಲೇ, ಹೈದರಾಬಾದಿನಿಂದ ಸುಮಾರು 150 ಕಿ.ಮೀ. ದೂರದ ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿ, ಪಂಪ 941ರಲ್ಲಿ ತನ್ನ ಭಾರತವನ್ನು ಕನ್ನಡದಲ್ಲಿ ಬರೆದ. ದೂರದ ಬನವಾಸಿಯನ್ನು ನೆನೆದಾಗ ಅವನಿಗೂ ಬೇಕಾದದ್ದು ದುಂಬಿ ಮತ್ತು ಕೋಗಿಲೆ, ಅಂದರೆ ಹೂವು ಮತ್ತು ಹಕ್ಕಿಯೇ. ಅದನ್ನು ನಾವು ಇನ್ನೂ ಓದಬಲ್ಲೆವು.

ಜಪಾನೀಯರ ಜೋಡಿಗಳು ಋತುವಿಗೆ ತಕ್ಕಂತೆ: ಬಿದಿರಿಗೆ ಗುಬ್ಬಿ, ಪೈನ್ ಮರಕ್ಕೆ ಕೊಕ್ಕರೆ. ಮಲ್ಕಾಜ್‌ಗಿರಿಗೂ ಜೋಡಿಯಿದೆ. ಯುಗಾದಿಯ ಹೊತ್ತಿಗೆ ಬೇವು ಹೂಬಿಡುತ್ತದೆ, ಕೋಗಿಲೆ ಕೂಗುತ್ತದೆ. ಒಂದು ಉದ್ದನೆಯ ಕಾಗದ ಕತ್ತರಿಸಿ ಮಗುವಿಗೆ ಕೊಡಿ. ಚಿತ್ರ ಮಗು ಬಿಡಿಸಲಿ, ಎರಡು ಸಾಲು ಅಜ್ಜಿ ಹೇಳಲಿ, ಮಗುವೇ ಕನ್ನಡದಲ್ಲಿ ಬರೆಯಲಿ. ‘ಳ’ ಬದಲು ‘ಲ’ ಬಂದರೆ ಆ ದಿನ ತಿದ್ದಬೇಡಿ.

ರಜೆಯಲ್ಲಿ ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋದರೆ ಜಪಾನಿನ ಸಾಮಗ್ರಿಗಳ ಕೋಣೆಯಲ್ಲಿ ತುಸು ಹೊತ್ತು ನಿಲ್ಲಿ, ಗಡಿಯಾರ ನೋಡಿ ಓಡಿಬರಬೇಡಿ. ಶುಕ್ರವಾರ ಬಾಗಿಲು ಹಾಕಿರುತ್ತದೆ.