ಸಾಂಬ್ರಾ ಮತ್ತು ಉಜಳಾಯಿವಾಡಿಯ ನಡುವೆ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೂ ಕೊಲ್ಲಾಪುರದ ಉಜಳಾಯಿವಾಡಿ ನಿಲ್ದಾಣಕ್ಕೂ ನಡುವಿನ ನೇರ ಅಂತರ ಸುಮಾರು 96 ಕಿಲೋಮೀಟರು. ಗಂಟೆಗೆ 500 ಕಿಲೋಮೀಟರು ಹಾರುವ ಚಿಕ್ಕ ವಿಮಾನಕ್ಕೆ ಇದು ಹನ್ನೆರಡು ನಿಮಿಷದ ದಾರಿ. ಆದರೂ ಇವೆರಡರ ನಡುವೆ ವಿಮಾನ ಹಾರಿಸುವ ಯೋಚನೆ ಯಾರಿಗೂ ಬರುವುದಿಲ್ಲ. ಮೇಲೇರಲು, ಕೆಳಗಿಳಿಯಲು, ಓಡುದಾರಿಯ ತನಕ ಸಾಗಲು ಬೇಕಾಗುವ ಹೊತ್ತು ಅಂತರ ಕಡಿಮೆಯಾಯಿತೆಂದು ಕಡಿಮೆಯಾಗುವುದಿಲ್ಲ. ಪ್ರಾದೇಶಿಕ ವಿಮಾನಯಾನದ ‘ಉಡಾನ್’ ಯೋಜನೆ ಕೂಡ ಗುಡ್ಡಗಾಡು, ದ್ವೀಪಗಳಂಥ ಜಾಗ ಬಿಟ್ಟರೆ 200 ಕಿಲೋಮೀಟರಿಗಿಂತ ಹತ್ತಿರದ ಊರುಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಾಗಾದರೆ ಈ ಅಂತರದ ಲೆಕ್ಕ ಯಾರಿಗೆ ಬೇಕು? ನಡುವೆ ಇರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡ, ಅಥಣಿಯವರಿಗೆ ಬೇಕು.

ಬೆಂಗಳೂರಿಗೆ ಹೋಗುವವರನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ನಿಲ್ದಾಣ ಸಾಂಬ್ರಾದಿಂದ ಆಕಾಶಮಾರ್ಗದಲ್ಲಿ ಸುಮಾರು 445 ಕಿಲೋಮೀಟರು, ಉಜಳಾಯಿವಾಡಿಯಿಂದ ಸುಮಾರು 530. ಹಾರಾಟದಲ್ಲಿ ಹತ್ತು ನಿಮಿಷದಷ್ಟೇ ವ್ಯತ್ಯಾಸ. ನೆಲದ ಮೇಲಿನ ಲೆಕ್ಕವೇ ಬೇರೆ. ನಿಪ್ಪಾಣಿಯಿಂದ ಕೊಲ್ಲಾಪುರ ಹೆದ್ದಾರಿಯಲ್ಲಿ ಸುಮಾರು 40 ಕಿಲೋಮೀಟರು. ಬೆಳಗಾವಿ ಅದರ ಹೆಚ್ಚುಕಡಿಮೆ ಎರಡು ಪಟ್ಟು, ಅಲ್ಲಿಂದ ಊರು ದಾಟಿ ಸಾಂಬ್ರಾಕ್ಕೆ ಮತ್ತಷ್ಟು ದೂರ. ಅಥಣಿಯವರಿಗೆ ಎರಡೂ ದೂರವೇ. ಕಾಗವಾಡ, ಮಿರಜ ಹಾದು ಕೊಲ್ಲಾಪುರ ಮುಟ್ಟುವುದಕ್ಕೂ ಸಾಂಬ್ರಾ ತಲುಪುವುದಕ್ಕೂ ತಾಸುಗಟ್ಟಲೆ ಬೇಕು. ಒಂದು ತಾಸಿನ ಹಾರಾಟಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ರಸ್ತೆಯ ಮೇಲೆ! ಆದ್ದರಿಂದ ನನ್ನ ವಾದ ಇಷ್ಟು: ಈ ಸೀಮೆಯವರಿಗೆ ವಿಮಾನ ಪ್ರಯಾಣ ಚುರುಕಾಗಬೇಕಾದರೆ ಹಣವೂ ಗಮನವೂ ಮೊದಲು ರಸ್ತೆಗೆ, ಸೇತುವೆಗೆ ಸಲ್ಲಬೇಕು.

ನಡುವೆ ಇನ್ನೊಂದು ನಿಲ್ದಾಣವನ್ನೇ ಏಕೆ ಕಟ್ಟಬಾರದು ಎಂದು ಕೇಳಬಹುದು. 2008ರ ಕೇಂದ್ರ ನೀತಿಯ ಪ್ರಕಾರ, ಇರುವ ನಾಗರಿಕ ನಿಲ್ದಾಣದಿಂದ 150 ಕಿಲೋಮೀಟರಿನೊಳಗೆ ಹೊಸದು ಬೇಕೆಂದರೆ ಅದರಿಂದ ಹಳೆಯದಕ್ಕೆ ಏನಾದೀತು ಎಂಬುದನ್ನು ಮೊದಲು ಪರಿಶೀಲಿಸಬೇಕು. ಬೆಳಗಾವಿಗೂ ಹುಬ್ಬಳ್ಳಿಗೂ ನೇರ ಅಂತರ ಸುಮಾರು 75 ಕಿಲೋಮೀಟರಷ್ಟೇ, ಎರಡೂ ನಡೆಯುತ್ತಿಲ್ಲವೇ ಎಂಬ ಮಾತು ನಿಜ. ಆದರೆ ಅವೆರಡರ ಬೆನ್ನಿಗೂ ದೊಡ್ಡ ಪಟ್ಟಣಗಳಿವೆ. ಕಬ್ಬು, ತಂಬಾಕಿನ ಈ ಸೀಮೆಯ ಪ್ರಯಾಣಿಕರನ್ನು ಮೂರು ಕಡೆ ಹಂಚಿದರೆ ವಿಮಾನಗಳು ಅರ್ಧ ಖಾಲಿ ಹಾರುತ್ತವೆ, ಆಮೇಲೆ ನಿಲ್ಲುತ್ತವೆ.

ಕೊಲ್ಲಾಪುರ ಬೇರೆ ರಾಜ್ಯದ್ದು, ನಮ್ಮ ಪ್ರಯಾಣಿಕರು ಸಾಂಬ್ರಾಕ್ಕೇ ಹೋಗಲಿ ಎನ್ನುವ ಮಾತಿನ ಹಿಂದಿನ ಅಭಿಮಾನ ನನಗೂ ಇದೆ. ಆದರೆ ನಿಪ್ಪಾಣಿಯ ರೋಗಿಗೋ ವಿದ್ಯಾರ್ಥಿಗೋ ರಸ್ತೆಯಲ್ಲಿ ಹೊತ್ತು ಉಳಿಯುವಲ್ಲಿ ಗಡಿಯನ್ನು ಅಡ್ಡ ತರುವುದು ನ್ಯಾಯವಲ್ಲ. ದಿನಕ್ಕೆಷ್ಟು ವಿಮಾನ, ಯಾವ ಹೊತ್ತಿಗೆ ಎಂಬುದೂ ಮುಖ್ಯ, ಒಪ್ಪುತ್ತೇನೆ: ಹತ್ತಿರದ ನಿಲ್ದಾಣದಲ್ಲಿ ಅರ್ಧ ದಿನ ಕಾಯುವುದಕ್ಕಿಂತ ದೂರದ್ದೇ ಲೇಸು. ಕಾಯುವ ಹೊತ್ತನ್ನೂ ಪ್ರಯಾಣದ ಹೊತ್ತಿಗೇ ಸೇರಿಸಬೇಕು.

ಮಳೆಗಾಲದಲ್ಲಿ ಈ ಲೆಕ್ಕವೂ ತಲೆಕೆಳಗಾಗುತ್ತದೆ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ವೇದಗಂಗೆ ಉಕ್ಕಿ ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ಹೆದ್ದಾರಿಯೇ ಬಂದಾಯಿತು. ಕೃಷ್ಣೆ ಏರಿದರೆ ಕುಡಚಿ–ಉಗಾರ ಸೇತುವೆ ಮುಳುಗುತ್ತದೆ, ಕಲ್ಲೋಳ–ಯಡೂರದ್ದೂ ಮುಳುಗುತ್ತದೆ. ಆಗ ವಿಮಾನ ಹೊತ್ತಿಗೆ ಸರಿಯಾಗಿ ಹೊರಟರೂ ಟಿಕೆಟ್ ಕೊಂಡವರು ಹೊಳೆಯ ಆಚೆಯೇ ಉಳಿಯುತ್ತಾರೆ. ಈ ಸೇತುವೆಗಳನ್ನು ಎತ್ತರಿಸಿ, ಅಥಣಿ, ರಾಯಬಾಗ, ಚಿಕ್ಕೋಡಿಯಿಂದ ವಿಮಾನದ ವೇಳೆಗೆ ಹೊಂದಿಕೊಂಡು ಎರಡೂ ನಿಲ್ದಾಣಗಳಿಗೆ ಬಸ್ಸು ಬಿಟ್ಟರೆ, ಹೊಸ ಓಡುದಾರಿಗೆಂದು ಒಂದು ಎಕರೆ ಕಬ್ಬಿನ ಗದ್ದೆಯನ್ನೂ ಕಳೆದುಕೊಳ್ಳಬೇಕಿಲ್ಲ.