ದೋಣಿಯ ಟಾಂಕಿ ಮತ್ತು ಅದರ ಲೆಕ್ಕ
(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ವಾಚನಾಲಯದಲ್ಲಿ ಸಾಹಿತ್ಯದ ಮಾತು, ನಾಡಿನ ಇತಿಹಾಸದ ಮಾತು ನಡೆಯುವುದು ರೂಢಿ. ನಮ್ಮಂಥ ಕೈಕೆಲಸದವರನ್ನು ಕರೆದು, ನಿಮ್ಮ ಕಸುಬಿನ ವಿಷಯವನ್ನೇ ಹೇಳಿರಿ ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಮಗೆ ಬಹಳ ಸಂಕೋಚವಾಯಿತು. ನಾವು ಭಾಷಣಕಾರರಲ್ಲ, ದೋಣಿಗಳಿಗೆ ವಿದ್ಯುತ್ ತಂತಿ ಎಳೆಯುವವರು. ಆದರೂ ಒಪ್ಪಿಕೊಂಡೆವು. ಏಕೆಂದರೆ ಈ ಕೆಲಸದ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ. ನಾವು ಅವುಗಳನ್ನು ಅಷ್ಟಿಷ್ಟು ಓದಿ, ಉಳಿದದ್ದನ್ನು ತಪ್ಪು ಮಾಡಿ ಕಲಿತೆವು. ನಮ್ಮ ಹಿಂದೆ ಬರುವ ಹುಡುಗರಾದರೂ ಅದೇ ತಪ್ಪನ್ನು ಮಾಡದಿರಲಿ ಎಂಬುದೊಂದೇ ನಮ್ಮ ಉದ್ದೇಶ.

ಮಲ್ಪೆ, ಗಂಗೊಳ್ಳಿ, ಕಾರವಾರಗಳ ಕಡೆಯಿಂದ ಬಂದವರು ಈ ಸಭೆಯಲ್ಲಿ ಇದ್ದೀರಿ. ಟಾಂಕಿಗೆ ಕೋಲು ಇಳಿಸಿ, ಮೇಲಕ್ಕೆಳೆದು, ತೊಯ್ದ ಗುರುತನ್ನು ನೋಡಿ ಎಣ್ಣೆ ಇಷ್ಟಿದೆ ಎಂದು ಹೇಳುವುದನ್ನು ನೀವು ಕಂಡವರೇ. ಈಗ ಆ ಕೋಲಿನ ಕೆಲಸವನ್ನು ಒಂದು ಸೆನ್ಸರು ಮಾಡುತ್ತದೆ. ಅದು ತಂತಿಯ ಮೂಲಕ ಚುಕ್ಕಾಣಿಯ ಮುಂದಿರುವ ಪರದೆಗೆ ಸುದ್ದಿ ಕಳಿಸುತ್ತದೆ. ದಾರಿ ತೋರಿಸುವ ಯಂತ್ರ, ನೀರಿನ ಆಳ ಹೇಳುವ ಯಂತ್ರ, ಎಂಜಿನ್ನಿನ ಬಿಸಿ ತಿಳಿಸುವ ಯಂತ್ರ, ಎಲ್ಲವೂ ಅದೇ ತಂತಿಯ ಮೇಲೆ ಮಾತನಾಡುತ್ತವೆ.

ಮೊದಲು ನಮ್ಮ ತಪ್ಪನ್ನು ಹೇಳಿಬಿಡುತ್ತೇವೆ.

ಒಂದು ಲಾಂಚಿಗೆ ನಾವು ಇಂಥ ಸೆನ್ಸರನ್ನು ಕೂಡಿಸಿದೆವು. ಡೀಸೆಲ್ ಟಾಂಕಿ ೪೦೦ ಲೀಟರಿನದು. ಎಂಜಿನ್ನಿಗೆ ಗಂಟೆಗೆ ಸುಮಾರು ೨೦ ಲೀಟರು ಬೇಕು. ಪರದೆಯ ಮೇಲೆ ಅಂಕೆಗಳು ಅಂದವಾಗಿ ಮೂಡಿದವು. ಯಜಮಾನರಿಗೆ ಸಂತೋಷವಾಯಿತು; ನಮಗೆ ಕೂಲಿ ಸಿಕ್ಕಿತು. ಕೆಲವು ದಿನಗಳಾದ ಮೇಲೆ ಆ ಲಾಂಚು ಆರು ಜನರನ್ನು ಕೂರಿಸಿಕೊಂಡು ಮುಂಬಯಿ ಬಂದರಿನಿಂದ ಅಲಿಬಾಗದ ಕಡೆಗೆ ಹೊರಟಿತು. ಪರದೆಯು ನೂರಕ್ಕೆ ೫೦ ಎಂದು ತೋರಿಸಿತು. ಅರ್ಧ ಟಾಂಕಿ ಎಂದರೆ ೨೦೦ ಲೀಟರು, ಹತ್ತು ಗಂಟೆಯ ಓಟ. ಹೋಗಿ ಬರಲು ಬೇಕಾದದ್ದು ಆರೇ ಗಂಟೆ. ಹೀಗೆ ಲೆಕ್ಕ ಹಾಕಿ ಹೋದರು. ನಾಲ್ಕೂವರೆ ಗಂಟೆ ಓಡಿದ ಮೇಲೆ, ಮರಳಿ ಬರುವಾಗ, ಎಂಜಿನ್ನು ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಆಗ ಕತ್ತಲೆ ಕವಿದಿತ್ತು. ನಿಂತ ಜಾಗವೋ, ದೊಡ್ಡ ಹಡಗುಗಳು ಬಂದರಿಗೆ ಬರುವ ದಾರಿ. ಬ್ಯಾಟರಿ ಜೀವಂತವಾಗಿದ್ದುದರಿಂದ ದೀಪ ಉರಿಯುತ್ತಿತ್ತು, ರೇಡಿಯೊದಲ್ಲಿ ಕೂಗಿ ಹೇಳಲಿಕ್ಕಾಯಿತು. ಒಂದು ಮೀನುಗಾರರ ದೋಣಿ ಬಂದು ಹಗ್ಗ ಕಟ್ಟಿ ಎಳೆದು ತಂದಿತು. ಯಾರಿಗೂ ಏನೂ ಆಗಲಿಲ್ಲ. ಎಂಜಿನ್ನು ನಿಂತಾಗಲೂ ಪರದೆಯ ಮೇಲೆ ನೂರಕ್ಕೆ ೧೬ ಎಂದೇ ಇತ್ತಂತೆ.

ಮರುದಿನ ನಾವು ತಲೆ ತಗ್ಗಿಸಿಕೊಂಡು ಹೋದೆವು. ಸೆನ್ಸರು ಕೆಟ್ಟಿದೆ ಎಂದು ಭಾವಿಸಿದ್ದೆವು. ಕೋಲು ಇಳಿಸಿ ಅಳೆದರೆ, ಟಾಂಕಿಯ ಎತ್ತರದಲ್ಲಿ ನೂರಕ್ಕೆ ೧೬ರ ವರೆಗೆ ಎಣ್ಣೆ ನಿಜವಾಗಿಯೂ ಇತ್ತು! ಸೆನ್ಸರು ಸುಳ್ಳು ಹೇಳಿರಲಿಲ್ಲ. ಅದು ಎತ್ತರವನ್ನು ಹೇಳುತ್ತಿತ್ತು. ನಾವು ಅದನ್ನು ಲೀಟರು ಎಂದು ಓದಿಕೊಂಡಿದ್ದೆವು.

ವಿಷಯ ಹೀಗಿದೆ. ದೋಣಿಯ ಒಡಲು ಕೆಳಗೆ ಚೂಪು, ಮೇಲೆ ಅಗಲ. ಅದರೊಳಗೆ ಹೊಂದಿಕೊಳ್ಳಲೆಂದು ಟಾಂಕಿಯನ್ನೂ ಅನೇಕ ವೇಳೆ ಅದೇ ಆಕಾರದಲ್ಲಿ ಮಾಡುತ್ತಾರೆ. ಆ ಲಾಂಚಿನ ಟಾಂಕಿ ಉದ್ದಕ್ಕೂ ಒಂದೇ ಸಮನಾಗಿ, ತಳದಲ್ಲಿ ಚೂಪಾಗಿ, ತಲೆಕೆಳಗಾದ ಮನೆಯ ಮಾಡಿನಂತೆ ಇತ್ತು. ಇಂಥ ಟಾಂಕಿಯಲ್ಲಿ ಅರ್ಧ ಎತ್ತರಕ್ಕೆ ಎಣ್ಣೆ ಇದ್ದರೆ ಅಲ್ಲಿಯ ಅಗಲವೂ ಅರ್ಧವೇ. ಅರ್ಧದ ಅರ್ಧ ಎಂದರೆ ಕಾಲು. ೪೦೦ ಲೀಟರಿನಲ್ಲಿ ಇದ್ದದ್ದು ೨೦೦ ಅಲ್ಲ, ೧೦೦ ಲೀಟರು. ನೂರಕ್ಕೆ ೧೬ರ ಎತ್ತರದಲ್ಲಿ ಉಳಿಯುವುದು ಬರಿಯ ೧೦ ಲೀಟರು. ಎಣ್ಣೆ ಹೀರುವ ನಳಿಗೆ ತಳದವರೆಗೆ ಮುಟ್ಟುವುದಿಲ್ಲವಾದ್ದರಿಂದ ಆ ಹತ್ತು ಲೀಟರು ಇದ್ದೂ ಇಲ್ಲದಂತೆ. ೯೦ ಲೀಟರಿಗೆ ನಾಲ್ಕೂವರೆ ಗಂಟೆ: ಲೆಕ್ಕ ಬಿಟ್ಟುಹೋಗದಂತೆ ಸರಿಹೋಗುತ್ತದೆ. ಈ ಗುಣಾಕಾರವನ್ನು ಹೊರಡುವ ಮೊದಲು ಮಾಡಬೇಕಾದವರು ನಾವು, ಮಾಡಿದ್ದು ಮರುದಿನ.

ಇನ್ನು ಕೆಲಸದ ಕ್ರಮವನ್ನು ಹೇಳುತ್ತೇವೆ.

ಸೆನ್ಸರುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ತೇಲುಬೆಂಡಿನದು. ಬೆಂಡು ಎಣ್ಣೆಯ ಮೇಲೆ ತೇಲುತ್ತ ಏರಿ ಇಳಿದಂತೆ ವಿದ್ಯುತ್ತಿಗೆ ಒಡ್ಡುವ ತಡೆ ಬದಲಾಗುತ್ತದೆ. ತಡೆಯ ಅಳತೆ ಓಮ್. ಇಲ್ಲಿ ಒಂದು ಅಪಾಯವಿದೆ. ಅಮೆರಿಕದ ಪದ್ಧತಿಯಲ್ಲಿ ಟಾಂಕಿ ಬರಿದಾದಾಗ ೨೪೦ ಓಮ್, ತುಂಬಿದಾಗ ೩೩ ಓಮ್. ಯುರೋಪಿನ ಪದ್ಧತಿಯಲ್ಲಿ ಬರಿದಾದಾಗ ೧೦ ಓಮ್, ತುಂಬಿದಾಗ ೧೮೦ ಓಮ್. ಒಂದಕ್ಕೊಂದು ತಿರುಗುಮುರುಗು. ಯುರೋಪಿನ ಸೆನ್ಸರನ್ನು ಕೂಡಿಸಿ, ಯಂತ್ರಕ್ಕೆ ಅಮೆರಿಕದ್ದೆಂದು ಹೇಳಿದರೆ, ಬರಿದಾದ ಟಾಂಕಿ ಪೂರ್ತಿ ತುಂಬಿದೆ ಎಂದು ಪರದೆಯಲ್ಲಿ ಕಾಣುತ್ತದೆ. ಆದ್ದರಿಂದ ಟಾಂಕಿಯೊಳಗೆ ಇಳಿಸುವ ಮುಂಚೆ, ಬೆಂಡನ್ನು ಕೈಯಿಂದ ಮೇಲೆ ಕೆಳಗೆ ಸರಿಸಿ ಮೀಟರಿನಿಂದ ಎರಡೂ ಕೊನೆಗಳ ಓಮ್ ನೋಡಿ ಬರೆದಿಟ್ಟುಕೊಳ್ಳಬೇಕು. ಎರಡು ನಿಮಿಷದ ಕೆಲಸ.

ತಂತಿ ಕಡಿದುಹೋದರೆ ಏನಾಗುತ್ತದೆ ಎಂಬುದನ್ನೂ ಇದರಿಂದಲೇ ತಿಳಿಯಬಹುದು. ತಂತಿ ಕಡಿದರೆ ತಡೆ ಮಿತಿಮೀರಿ ಹೆಚ್ಚುತ್ತದೆ. ಅಮೆರಿಕದ ಪದ್ಧತಿಯಲ್ಲಿ ಅದು 'ಬರಿದು' ಎಂಬ ಕಡೆಗೆ ಹೋಗುತ್ತದೆ. ಯುರೋಪಿನದರಲ್ಲಿ 'ತುಂಬಿದೆ' ಎಂಬ ಕಡೆಗೆ. ಮೊದಲನೆಯದು ಎಚ್ಚರಿಸುವ ತಪ್ಪು, ಎರಡನೆಯದು ಮೋಸ ಮಾಡುವ ತಪ್ಪು. ಎರಡು ತಂತಿ ಒಂದಕ್ಕೊಂದು ತಾಗಿಕೊಂಡರೆ ಇದು ಅದಲುಬದಲಾಗುತ್ತದೆ.

ಟಾಂಕಿಗೆ ರಂಧ್ರ ಕೊರೆಯುವುದು ಎಲ್ಲಕ್ಕಿಂತ ಜೋಪಾನದ ಕೆಲಸ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೆ ಹಾರಿಹೋಗದೆ ದೋಣಿಯ ತಳದಲ್ಲಿ ಕೂಡಿಕೊಳ್ಳುತ್ತದೆ, ಒಂದು ಕಿಡಿಗಾಗಿ ಕಾಯುತ್ತದೆ. ಪೆಟ್ರೋಲ್ ಟಾಂಕಿಯನ್ನು ದೋಣಿಯೊಳಗಿದ್ದಂತೆ ಎಂದೂ ಕೊರೆಯಬಾರದು. ಅದನ್ನು ಹೊರಗೆ ತೆಗೆದು, ಬರಿದುಮಾಡಿ, ಆವಿ ಪೂರ್ತಿ ಹೋಗುವಂತೆ ಮಾಡಿಸಿದ ಮೇಲೆ, ಬಲ್ಲವರ ಕೈಯಲ್ಲೇ ಮಾಡಿಸತಕ್ಕದ್ದು. ಡೀಸೆಲ್ ಅಷ್ಟು ಬೇಗ ಹೊತ್ತಿಕೊಳ್ಳದಿದ್ದರೂ ಅದನ್ನು ನಂಬಿ ಬೀಡಿ ಹಚ್ಚಬೇಡಿ. ಬ್ಯಾಟರಿಯನ್ನು ಬಿಡಿಸಿ, ಗಾಳಿ ಆಡಿಸಿ, ನಂತರ ಕೈ ಹಾಕಬೇಕು. ಕೊರೆಯುವ ಮೊನೆಗೆ ಗ್ರೀಸು ಸವರಿದರೆ ಲೋಹದ ಚೂರುಗಳು ಅದಕ್ಕೆ ಅಂಟಿಕೊಂಡು ಒಳಗೆ ಬೀಳುವುದು ಕಡಿಮೆಯಾಗುತ್ತದೆ. ಜಾಗವನ್ನು ಆದಷ್ಟು ಟಾಂಕಿಯ ನಡುವೆ ಆರಿಸಬೇಕು. ದೋಣಿ ಮುಂದಕ್ಕೆ, ಪಕ್ಕಕ್ಕೆ ವಾಲಿದಾಗ ಅಂಚುಗಳಲ್ಲಿ ಎಣ್ಣೆ ಬಹಳ ಏರಿಳಿಯುತ್ತದೆ, ನಡುವೆ ಕಡಿಮೆ. ಸೆನ್ಸರು ಟಾಂಕಿಯ ತಳಕ್ಕೆ ತಾಗಬಾರದು. ಅದರ ತಟ್ಟೆಗೆ ಐದು ಮೊಳೆಗಳು ಇರುವುದುಂಟು. ಅವುಗಳ ಅಂತರ ಬೇಕೆಂದೇ ಸಮನಾಗಿಲ್ಲ. ಒಂದೇ ರೀತಿಯಲ್ಲಿ ಕೂರುತ್ತದೆ. ಕೂರದಿದ್ದರೆ ಬಲ ಹಾಕದೆ ತಿರುಗಿಸಿ ನೋಡಿರಿ.

ಈಗ ತಂತಿಜಾಲಕ್ಕೆ ಬರೋಣ. ಇಂದು ದೋಣಿಗಳಲ್ಲಿ ಬಹಳ ಬಳಕೆಯಲ್ಲಿರುವ ಕ್ರಮಕ್ಕೆ ಎನ್.ಎಂ.ಇ.ಎ. ೨೦೦೦ ಎಂದು ಹೆಸರು. ೧೯೫೭ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಹಡಗು-ದೋಣಿಗಳ ಎಲೆಕ್ಟ್ರಾನಿಕ್ಸ್ ವ್ಯವಹಾರದವರ ಸಂಘವೊಂದು ಇದನ್ನು ರೂಪಿಸಿತು. ಇದರ ಬುನಾದಿ ಜರ್ಮನಿಯ ಬಾಷ್ ಕಂಪನಿಯವರು ಮೋಟಾರು ಕಾರುಗಳಿಗಾಗಿ ಮಾಡಿ ೧೯೮೬ರಲ್ಲಿ ಪ್ರಕಟಿಸಿದ 'ಕ್ಯಾನ್' ಎಂಬ ಪದ್ಧತಿ. ಆದ್ದರಿಂದ ಮೋಟಾರು ಗ್ಯಾರೇಜಿನಲ್ಲಿ ದುಡಿಯುವ ನಮ್ಮ ಗೆಳೆಯರಿಗೆ ಇದು ತೀರ ಹೊಸದಲ್ಲ.

ಒಂದು ಉದ್ದನೆಯ ಬೀದಿಯನ್ನು ನೆನೆಯಿರಿ; ಅದು ಬೆನ್ನೆಲುಬಿನ ತಂತಿ. ಅದರಿಂದ ಒಡೆಯುವ ಓಣಿಗಳು ಒಂದೊಂದು ಯಂತ್ರಕ್ಕೆ ಹೋಗುವ ಕವಲು ತಂತಿಗಳು. ಯಾವ ಓಣಿಯೂ ೬ ಮೀಟರಿಗಿಂತ ಉದ್ದವಿರಬಾರದು. ಬೀದಿಯ ಎರಡೂ ಕೊನೆಗಳಲ್ಲಿ ಟರ್ಮಿನೇಟರ್ ಎಂಬ ೧೨೦ ಓಮಿನ ಮುಚ್ಚಳ ಇರತಕ್ಕದ್ದು. ಇಲ್ಲದಿದ್ದರೆ ಸುದ್ದಿ ಕೊನೆಗೆ ಬಡಿದು ಹಿಂದಿರುಗಿ, ಮುಂದಿನ ಸುದ್ದಿಯನ್ನು ಕೆಡಿಸುತ್ತದೆ. ಕೆಂಪು ಮತ್ತು ಕರಿಯ ತಂತಿಗಳು ೧೨ ವೋಲ್ಟಿನ ವಿದ್ಯುತ್ತಿಗೆ. ಇದನ್ನು ಫ್ಯೂಸಿನ ಮೂಲಕವೇ ಕೊಡಬೇಕು. ಬಿಳಿ ಮತ್ತು ನೀಲಿ ತಂತಿಗಳು ಸುದ್ದಿಗೆ. ವಿದ್ಯುತ್ ನಿಲ್ಲಿಸಿ ಬಿಳಿ-ನೀಲಿಗಳ ನಡುವೆ ಮೀಟರು ಇಟ್ಟರೆ ಸುಮಾರು ೬೦ ಓಮ್ ಬರಬೇಕು, ಎರಡು ೧೨೦ಗಳು ಜೊತೆಯಾಗಿ ಇರುವುದರಿಂದ. ೧೨೦ ಬಂದರೆ ಒಂದು ಮುಚ್ಚಳ ಇಲ್ಲ. ೪೦ ಬಂದರೆ ಯಾರೋ ಮೂರನೆಯದನ್ನು ಸೇರಿಸಿದ್ದಾರೆ. ಈ ಒಂದು ಪರೀಕ್ಷೆಯಿಂದ ಎಷ್ಟೋ ದಿನಗಳ ಹುಡುಕಾಟ ತಪ್ಪುತ್ತದೆ.

ಸಾಮಾನ್ಯ ತೇಲುಬೆಂಡಿಗೆ ಈ ಬೀದಿಯ ಭಾಷೆ ಬಾರದು. ನಡುವೆ ಒಂದು ಚಿಕ್ಕ ಪೆಟ್ಟಿಗೆಯನ್ನು ಇಡುತ್ತೇವೆ. ಅದು ಓಮನ್ನು ಓದಿ ಸುದ್ದಿಯಾಗಿ ಬರೆಯುತ್ತದೆ. ಕಚೇರಿಯಲ್ಲಿ ದುಡಿಯುವವರಿಗೆ ಇದು ಸುಲಭವಾಗಿ ತಿಳಿದೀತು. ಪ್ರತಿ ಸುದ್ದಿಗೂ ಒಂದು ಫಾರಮಿನ ನಂಬರು ಇದೆ. ಟಾಂಕಿಯ ಫಾರಮು ೧೨೭೫೦೫. ಅದರಲ್ಲಿ ನಾಲ್ಕು ಕಾಲಮುಗಳು: ಎಷ್ಟನೆಯ ಟಾಂಕಿ, ಒಳಗೆ ಏನಿದೆ, ನೂರಕ್ಕೆ ಎಷ್ಟು ತುಂಬಿದೆ, ಟಾಂಕಿ ಹಿಡಿಯುವುದು ಎಷ್ಟು. ಮೊದಲಿನ ಎರಡನ್ನೂ ಕೊನೆಯದನ್ನೂ ಕೂಡಿಸುವವನು ತುಂಬಿಸಬೇಕು. ಎಡದ ಟಾಂಕಿ, ಬಲದ ಟಾಂಕಿ ಎರಡಕ್ಕೂ ಡೀಸೆಲ್ ಎಂದೂ ಒಂದೇ ನಂಬರೆಂದೂ ಬರೆದರೆ, ಪರದೆಯ ಮೇಲಿನ ಅಂಕೆ ಒಮ್ಮೆ ಇದನ್ನು, ಒಮ್ಮೆ ಅದನ್ನು ಹೇಳುತ್ತ ಕುಣಿಯುತ್ತದೆ. ಒಬ್ಬ ಗುಮಾಸ್ತ ಇಬ್ಬರ ಖಾತೆಯನ್ನು ಒಂದೇ ಪುಟದಲ್ಲಿ ಬರೆದಂತೆ. ಈ ತಪ್ಪನ್ನೂ ನಾವು ಮಾಡಿದ್ದೇವೆ.

ಈ ಫಾರಮಿನಲ್ಲಿ ಮಟ್ಟವನ್ನು ನೂರಕ್ಕೆ ೦.೦೦೪ರಷ್ಟು ಸೂಕ್ಷ್ಮವಾಗಿ ಬರೆಯಲು ಜಾಗವಿದೆ. ಅದನ್ನು ನೋಡಿ ಮರುಳಾಗಬೇಡಿ. ಅನೇಕ ಬೆಂಡುಗಳು ಬೆರಳಗಲದ ಮೆಟ್ಟಿಲು ಮೆಟ್ಟಿಲಾಗಿ ಏರುವಂಥವು. ತಂತಿಯು ತನಗೆ ಕೊಟ್ಟದ್ದನ್ನು ನಿಷ್ಠೆಯಿಂದ ಒಯ್ಯುತ್ತದೆ. ತಪ್ಪನ್ನು ಕೊಟ್ಟರೆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಒಯ್ಯುತ್ತದೆ.

ಆದುದರಿಂದ ಕಡೆಯ ಕೆಲಸವೇ ಮುಖ್ಯ ಕೆಲಸ. ನಾವು ಆ ಲಾಂಚಿನಲ್ಲಿ ಮಾಡದೆ ಬಿಟ್ಟದ್ದು ಅದನ್ನೇ. ದೋಣಿ ನಿಂತ ನೀರಿನಲ್ಲಿ ವಾಲದೆ ಇರುವಾಗ, ಬರಿದಾದ ಟಾಂಕಿಗೆ ಅಳೆದು ಎಣ್ಣೆ ಹೊಯ್ಯಬೇಕು. ೪೦೦ ಲೀಟರಿನ ಟಾಂಕಿಗೆ ನೂರು ನೂರಾಗಿ ನಾಲ್ಕು ಸಲ. ಪ್ರತಿ ಸಲವೂ ನಿಂತು, ಪೆಟ್ಟಿಗೆ ಓದುವ ಅಂಕೆಯನ್ನೂ ಕೋಲಿನ ಗುರುತನ್ನೂ ಬರೆದುಕೊಳ್ಳಬೇಕು. ಆ ಚೂಪು ಟಾಂಕಿಯಲ್ಲಿ ಮೊದಲ ನೂರಕ್ಕೆ ಎಣ್ಣೆ ಅರ್ಧ ಎತ್ತರಕ್ಕೆ ಏರಿತು; ಇನ್ನೂರಕ್ಕೆ ನೂರರಲ್ಲಿ ೭೧ಕ್ಕೆ; ಮುನ್ನೂರಕ್ಕೆ ೮೭ಕ್ಕೆ; ನಾನೂರಕ್ಕೆ ತುಂಬಿತು. ಈ ಜೋಡಿ ಅಂಕೆಗಳನ್ನು ಪೆಟ್ಟಿಗೆಗೆ ಕಲಿಸಿಕೊಡಲು ಅನುಕೂಲವಿರುತ್ತದೆ. ಅನಂತರ ಅದು ಎತ್ತರವನ್ನು ಹೇಳದೆ, ಇದ್ದಷ್ಟು ಎಣ್ಣೆಯನ್ನೇ ಹೇಳುತ್ತದೆ. ಇದಕ್ಕೆ ಅರ್ಧ ದಿನ ಬೇಕು. ಯಜಮಾನರು ಅವಸರ ಮಾಡುತ್ತಾರೆ, ಅರ್ಧ ದಿನದ ಕೂಲಿ ಏಕೆ ಎನ್ನುತ್ತಾರೆ. ಆಗ ಈ ಲಾಂಚಿನ ಕಥೆಯನ್ನು ಅವರಿಗೆ ಹೇಳಿರಿ. ನಾವಂತೂ ಅಳೆದು ಹೊಯ್ಯದೆ ಕೆಲಸ ಮುಗಿಯಿತೆಂದು ಹೇಳುವುದನ್ನು ಅಂದಿನಿಂದ ಬಿಟ್ಟಿದ್ದೇವೆ. ಆ ಲಾಂಚಿಗೆ ಮಾತ್ರ ಕೂಲಿ ಇಲ್ಲದೆ ಮಾಡಿಕೊಟ್ಟೆವು.

ಇನ್ನೊಂದು ಮಾತು. ಈಗ ಆ ಲಾಂಚಿನಲ್ಲಿ ಚುಕ್ಕಾಣಿಯ ಹತ್ತಿರ ಒಂದು ಕೋಲು ತೂಗುಹಾಕಿದೆ. ಅಳೆದು ಹೊಯ್ದ ದಿನ ಅದರ ಮೇಲೆ ನೂರು, ಇನ್ನೂರು, ಮುನ್ನೂರು ಎಂದು ನಾವೇ ಗೀರು ಹಾಕಿ ಕೊಟ್ಟೆವು. ಗೀರುಗಳು ಕೆಳಗೆ ದೂರ ದೂರ, ಮೇಲೆ ಹತ್ತಿರ ಹತ್ತಿರ ಇರುವುದನ್ನು ನೋಡಿದರೆ ಟಾಂಕಿಯ ಆಕಾರ ಯಾರಿಗಾದರೂ ತಿಳಿಯುತ್ತದೆ. ಹೊರಡುವ ಮೊದಲು ಕೋಲನ್ನೂ ಪರದೆಯನ್ನೂ ನೋಡುತ್ತಾರೆ. ಎರಡೂ ಒಂದೇ ಮಾತು ಹೇಳಿದರೆ ಹಗ್ಗ ಬಿಚ್ಚುತ್ತಾರೆ. ಬೇರೆ ಬೇರೆ ಹೇಳಿದರೆ ನಮ್ಮನ್ನು ಕರೆಯುತ್ತಾರೆ.

ಇಲ್ಲಿ ಹೇಳಿದ ಅಳತೆಗಳನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆದು ವಾಚನಾಲಯಕ್ಕೆ ಕೊಟ್ಟಿದ್ದೇವೆ. ಬೇಕಾದವರು ನಕಲು ಮಾಡಿಕೊಳ್ಳಬಹುದು. ತಪ್ಪು ಕಂಡವರು ಅದರಲ್ಲಿಯೇ ತಿದ್ದಬಹುದು.