ಡಿಸೆಂಬರ್ ಇಪ್ಪತ್ತೈದರ ಎರಡು ಬೆಂಕಿ
(ವಿದ್ಯಾರ್ಥಿ ನಿಲಯದ ಸಭೆಯಲ್ಲಿ ಆಡಿದ ಮಾತು)



ಗೋಡೆಯ ಕ್ಯಾಲೆಂಡರಿನಲ್ಲಿ ಡಿಸೆಂಬರ್ 25 ಕೆಂಪು ಅಕ್ಷರದಲ್ಲಿದೆ. ಕ್ರಿಸ್‌ಮಸ್, ರಜೆ. ಜನರಲ್ ನಾಲೆಡ್ಜ್ ಪುಸ್ತಕ ತೆಗೆದರೆ ಅದೇ ದಿನ 1861ರಲ್ಲಿ ಮಾಳವೀಯ, 1876ರಲ್ಲಿ ಜಿನ್ನಾ, 1924ರಲ್ಲಿ ವಾಜಪೇಯಿ ಹುಟ್ಟಿದರು ಅಂತ ಇರುತ್ತೆ. 2014ರಿಂದ ಕೇಂದ್ರ ಸರ್ಕಾರ ಇದನ್ನು ಸುಶಾಸನ ದಿನ ಅಂತಲೂ ಆಚರಿಸುತ್ತಿದೆ. ಪರೀಕ್ಷೆಗೆ ಓದುವ ನಾವು ಇದನ್ನೆಲ್ಲ ಬಾಯಿಪಾಠ ಮಾಡುತ್ತೇವೆ. ಮಾಡೋಣ, ಮಾರ್ಕ್ಸು ಬೇಕು. ಆದರೆ ಇದೇ ತಾರೀಖಿನ ರಾತ್ರಿ ಎರಡು ಸಲ ಬೆಂಕಿ ಹತ್ತಿದೆ. ಒಂದನ್ನು ನಮ್ಮವರು ಹಚ್ಚಿದರು. ಇನ್ನೊಂದನ್ನು ನಮ್ಮವರಿಗೇ ಹಚ್ಚಿದರು.

ಮೊದಲು ಕ್ರಿಸ್‌ಮಸ್ ಬಗ್ಗೆ ಒಂದು ಮಾತು. ಹಬ್ಬ ಮಾಡುವ ಕ್ರೈಸ್ತರು ನಮ್ಮ ಕೇರಿಗಳಲ್ಲೂ ಇದ್ದಾರೆ, ಈ ಹಾಸ್ಟೆಲಿನಲ್ಲೂ ಇರಬಹುದು. ಅವರನ್ನು ಹಂಗಿಸುವುದು ಬೇಡ. ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಬಡಗಿಯ ಮಗನ ಕತೆ ನಮ್ಮ ಜನಕ್ಕೆ ಯಾಕೆ ಹತ್ತಿರವಾಯಿತು ಅಂತ ಬೇರೆಯವರು ಬಂದು ವಿವರಿಸಬೇಕಾಗಿಲ್ಲ. ಧರ್ಮ ಬದಲಾದ ಮೇಲೂ ಜಾತಿ ಬೆನ್ನು ಬಿಡಲಿಲ್ಲ. ಆದರೆ 1950ರ ರಾಷ್ಟ್ರಪತಿ ಆದೇಶ ಅವರನ್ನು ಪರಿಶಿಷ್ಟರ ಪಟ್ಟಿಯಿಂದ ಹೊರಗಿಟ್ಟಿತು. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಬಾಗಿಲು ತೆರೆಯಿತು, ಇವರಿಗೆ ತೆರೆದಿಲ್ಲ. ಅದು ಇನ್ನೊಂದು ದಿನದ ಮಾತು.

ಈಗ ಮಹಾಡ್. ಕೊಂಕಣದ ಸಣ್ಣ ಊರು. ಅಲ್ಲಿ ಚವದಾರ್ ಕೆರೆ. ದನ ಕುಡಿಯಬಹುದು, ನಾಯಿ ಕುಡಿಯಬಹುದು, ನಾವು ಮುಟ್ಟಬಾರದು. 1923ರಲ್ಲಿ ಮುಂಬಯಿ ಶಾಸನ ಸಭೆ ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಸೇರಿದ್ದು ಅಂತ ಠರಾವು ಮಾಡಿತ್ತು. ಊರಿನ ಪುರಸಭೆಯೂ ಒಪ್ಪಿತ್ತು. ಕಾಗದದ ಮೇಲೆ ಕೆರೆ ನಮ್ಮದಾಯಿತು, ಬೊಗಸೆಗೆ ನೀರು ಬರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ಆ ನೀರು ಕುಡಿದರು. ಆಮೇಲೆ ನಮ್ಮವರಿಗೆ ಬಿದ್ದ ಏಟು ಅಷ್ಟಿಷ್ಟಲ್ಲ. ಇವರು ದೇವಸ್ಥಾನಕ್ಕೂ ನುಗ್ಗುತ್ತಾರಂತೆ ಅಂತ ಗಾಳಿಮಾತು ಹಬ್ಬಿಸಿ, ಊಟಕ್ಕೆ ಕೂತವರನ್ನೂ ಬಡಿದರು. ಕೆರೆ ಮೈಲಿಗೆಯಾಯಿತು ಅಂತ 108 ಗಡಿಗೆ ಪಂಚಗವ್ಯ ಸುರಿದು ಶುದ್ಧಿ ಮಾಡಿದರು. ಸಗಣಿ ಗಂಜಳ ಬಿದ್ದರೆ ಶುದ್ಧ, ಮನುಷ್ಯನ ಕೈ ಬಿದ್ದರೆ ಅಶುದ್ಧ. ಈ ವಿಜ್ಞಾನ ಯಾವ ಲ್ಯಾಬಿನಲ್ಲಿ ಕಲಿಸುತ್ತಾರೋ, ಸೈನ್ಸ್ ಓದುವ ಗೆಳೆಯರೇ ಹೇಳಬೇಕು.

ಆಗಸ್ಟಿನಲ್ಲಿ ಪುರಸಭೆ ತನ್ನ ಠರಾವನ್ನೇ ವಾಪಸು ತೆಗೆದುಕೊಂಡಿತು. ಮತ್ತೆ ಕೆರೆಗೆ ಇಳಿಯೋಣ ಅಂತ ಡಿಸೆಂಬರ್ 25ಕ್ಕೆ ಎರಡನೆಯ ಪರಿಷತ್ತು ಕರೆದರು. ಸವರ್ಣೀಯರು ಕೋರ್ಟಿಗೆ ಓಡಿ ತಡೆಯಾಜ್ಞೆ ತಂದರು. ಪೆಂಡಾಲು ಹಾಕಲು ಹಿಂದೂಗಳಲ್ಲಿ ಯಾರೂ ಜಾಗ ಕೊಡಲಿಲ್ಲ, ಫತ್ತೇಖಾನ್ ಎಂಬ ಮುಸಲ್ಮಾನರು ಕೊಟ್ಟರು. ದಾರಿಯಲ್ಲಿ ಬಸ್ಸಿನವರು ಕೈಕೊಟ್ಟಾರು ಅಂತ ಬಾಬಾಸಾಹೇಬರು ಮುಂಬಯಿಯಿಂದ 'ಪದ್ಮಾವತಿ' ಎಂಬ ಹಡಗಿನಲ್ಲಿ ದಾಸಗಾಂವ್‌ಗೆ ಬಂದು ಇಳಿದರು. ಒಂದು ಸಭೆ ಮಾಡಲು ಇಷ್ಟೆಲ್ಲ.

ಆ ರಾತ್ರಿ ಪೆಂಡಾಲಿನ ಎದುರು ಗುಂಡಿ ತೋಡಿ, ಗಂಧದ ಚೆಕ್ಕೆ ಹಾಕಿ, ಮನುಸ್ಮೃತಿಯನ್ನು ಸುಟ್ಟರು. ಠರಾವು ಮಂಡಿಸಿದವರು ಗಂಗಾಧರ ನೀಲಕಂಠ ಸಹಸ್ರಬುದ್ಧೆ. ಅವರು ಹುಟ್ಟಿನಿಂದ ಬ್ರಾಹ್ಮಣರು. ಅನುಮೋದಿಸಿದವರು ನಮ್ಮ ಪಿ.ಎನ್. ರಾಜಭೋಜ್. ನಮ್ಮ ಜಗಳ ಒಬ್ಬೊಬ್ಬ ಮನುಷ್ಯನ ಮೇಲೋ ಒಂದು ವ್ಯವಸ್ಥೆಯ ಮೇಲೋ ಅಂತ ಕೇಳುವವರಿಗೆ ಈ ಎರಡು ಹೆಸರನ್ನೂ ಒಟ್ಟಿಗೆ ಹೇಳಿ.

ಪುಸ್ತಕ ಓದಬೇಕಾದ ವಿದ್ಯಾರ್ಥಿಗಳು ಪುಸ್ತಕ ಸುಡುವುದನ್ನು ಕೊಂಡಾಡಬಹುದೇ ಅಂತ ಕಾಲೇಜಿನಲ್ಲಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಸುಟ್ಟವರು ಯಾರು ಅಂತ ನೋಡಿ. ಪುಸ್ತಕಕ್ಕಾಗಿಯೇ ಮನೆ ಕಟ್ಟಿಸಿದ ಮನುಷ್ಯ. ಸುಡುವುದಕ್ಕೆ ಮುಂಚೆಯೂ ಓದಿದರು, ಸುಟ್ಟ ಮೇಲೂ ಅದೇ ಮನುವನ್ನು ಮತ್ತೆ ಮತ್ತೆ ಓದಿ, ಸಾಲು ಸಾಲು ಉದ್ಧರಿಸಿ ಬರೆದರು. ವಿದೇಶಿ ಬಟ್ಟೆ ಸುಟ್ಟಾಗ ಬಟ್ಟೆ ನಾಶವಾಗಲಿ ಅಂತ ಸುಟ್ಟರೇ ಅಂತ ಅವರು ತಿರುಗಿ ಕೇಳಿದ್ದರು. ಆ ಪುಸ್ತಕದ ಹತ್ತನೇ ಅಧ್ಯಾಯ ತೆಗೆದು ನೋಡಿ: ಚಂಡಾಲ ಊರ ಹೊರಗಿರಬೇಕು, ಹೆಣದ ಬಟ್ಟೆ ಉಡಬೇಕು, ಒಡಕು ಪಾತ್ರೆಯಲ್ಲಿ ಉಣ್ಣಬೇಕು, ಶಕ್ತಿಯಿದ್ದರೂ ಶೂದ್ರ ಹಣ ಕೂಡಿಡಬಾರದು. ಇದು ಬರೀ ಹಳೇ ಪುಸ್ತಕವಾಗಿದ್ದರೆ ಗೆದ್ದಲು ತಿನ್ನಲಿ ಅಂತ ಬಿಡಬಹುದಿತ್ತು. ನಮ್ಮ ಕೇರಿಗಳು ಊರ ಯಾವ ದಿಕ್ಕಿಗಿವೆ, ಹೋಟೆಲಿನಲ್ಲಿ ನಮ್ಮ ಲೋಟ ಎಲ್ಲಿಟ್ಟಿದ್ದರು ನೆನೆಸಿಕೊಳ್ಳಿ.

ಆ ಪರಿಷತ್ತಿನಲ್ಲಿ ಬಾಬಾಸಾಹೇಬರು ಹೆಂಗಸರನ್ನೇ ಉದ್ದೇಶಿಸಿ ಮಾತಾಡಿದರು. ಜಾತಿಯ ಗುರುತು ಹೇಳುವ ಹಾಗೆ ಸೀರೆ ಉಡಬೇಡಿ, ಒಡವೆ ಹಾಕಬೇಡಿ, ಹೆಣ್ಣುಮಕ್ಕಳನ್ನೂ ಓದಿಸಿ ಅಂದರು. ಮೊಣಕಾಲ ತನಕ ಸೀರೆ ಎತ್ತಿ ಕಟ್ಟುತ್ತಿದ್ದ ತಾಯಂದಿರು ಮಹಾಡ್ ಬಿಡುವ ಮುಂಚೆಯೇ ಪಾದ ಮುಚ್ಚುವ ಹಾಗೆ ಉಟ್ಟರು. ಗಂಡಸರು ಕೋರ್ಟಿನ ತಡೆಯಾಜ್ಞೆಗೆ ಕಾಯುತ್ತಿದ್ದರು, ಸೀರೆಗೆ ಯಾರ ತಡೆಯಾಜ್ಞೆಯೂ ಇರಲಿಲ್ಲ. ಇಲ್ಲಿ ಕೂತ ತಂಗಿಯರು ಇದನ್ನು ಬೇರೆಯಾಗಿಯೇ ಬರೆಯಬೇಕು, ನಾವು ಹುಡುಗರು ಬರೆದರೆ ಅರ್ಧವಾಗುತ್ತೆ. ಕೆರೆಯ ಕೇಸು ಮಾತ್ರ ಹೈಕೋರ್ಟಿನಲ್ಲಿ ನಮ್ಮ ಪರವಾಗಿ ತೀರ್ಮಾನವಾದದ್ದು 1937ರ ಮಾರ್ಚ್‌ನಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಇನ್ನೊಂದು ಬೆಂಕಿ ತಮಿಳುನಾಡಿನದು. ಆಗಿನ ತಂಜಾವೂರು ಜಿಲ್ಲೆಯ ಕೀಳ್ವೆಣ್ಮಣಿ, 1968ರ ಡಿಸೆಂಬರ್ 25ರ ರಾತ್ರಿ. ಕಾವೇರಿ ನೀರು ಕುಡಿದು ಬೆಳೆವ ಭತ್ತದ ಸೀಮೆ, ನಮ್ಮ ಮಂಡ್ಯದ ಹಾಗೆಯೇ. ಕೊಯ್ಯುವವರು ನಮ್ಮವರು, ಕಣಜ ಅವರದು. ಕೆಂಬಾವುಟದ ಸಂಘ ಕಟ್ಟಿ, ಅಳತೆಯಲ್ಲಿ ಒಂದಿಷ್ಟು ಹೆಚ್ಚು ಭತ್ತ ಕೊಡಿ ಅಂದರು. ಜಮೀನ್ದಾರರು ಹೊರಗಿನಿಂದ ಆಳು ತಂದರು. ಜಗಳವಾಯಿತು, ಜಮೀನ್ದಾರರ ಕಡೆಯ ಒಬ್ಬ ಸತ್ತ. ರಾತ್ರಿ ಅವರ ಗುಂಪು ಕೇರಿಗೆ ನುಗ್ಗಿತು. ಓಡಲಾರದ ಹೆಂಗಸರು, ಮಕ್ಕಳು, ಮುದುಕರು ಒಂದು ಗುಡಿಸಲಿನಲ್ಲಿ ಸೇರಿಕೊಂಡರು. ಆ ಗುಡಿಸಲಿಗೆ ಬೆಂಕಿ ಇಟ್ಟರು. 44 ಜನ.

ಒಬ್ಬನ ಕೊಲೆಗೆ ಕೂಲಿಗಳಿಗೆ ಜೈಲಾಯಿತು. 44 ಜನರ ಕೊಲೆಗೆ ಕೆಳಗಿನ ಕೋರ್ಟು ಜಮೀನ್ದಾರರಿಗೆ ಕೊಟ್ಟ ಶಿಕ್ಷೆಯನ್ನು 1973ರಲ್ಲಿ ಮದ್ರಾಸ್ ಹೈಕೋರ್ಟು ರದ್ದು ಮಾಡಿತು. ಅವರು ಶ್ರೀಮಂತರು, ಕಾರು ಉಳ್ಳವರು, ಖುದ್ದಾಗಿ ನಡೆದು ಬಂದು ಬೆಂಕಿ ಹಚ್ಚಿದರು ಅಂದರೆ ನಂಬುವುದು ಕಷ್ಟ ಅಂತ ತೀರ್ಪಿನಲ್ಲಿ ಬರೆಯಿತು. ಲಾ ಓದಬೇಕು ಅಂತಿರುವ ಗೆಳೆಯರು ಈ ತೀರ್ಪನ್ನು ಹುಡುಕಿ ಪೂರ್ತಿ ಓದಿ.

ತಮಿಳುನಾಡು ದೂರ ಅನ್ನಬೇಡಿ. ಕೋಲಾರ ಸೀಮೆಯ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಕೆಳಗಿನ ಕೋರ್ಟು, 2014ರಲ್ಲಿ ಹೈಕೋರ್ಟು, ಆರೋಪಿಗಳೆಲ್ಲ ಖುಲಾಸೆ. ಸಾಕ್ಷಿ ಯಾಕೆ ತಿರುಗುತ್ತಾನೆ? ಅವನು ಮಾರನೇ ದಿನ ಕೂಲಿ ಕೇಳಬೇಕಾದ್ದು ಯಾರ ಹೊಲದಲ್ಲಿ ಅಂತ ನೋಡಿ.

ರಜೆಗೆ ಊರಿಗೆ ಹೋದಾಗ ಮಹಾಡ್ ಮತ್ತು ಕೀಳ್ವೆಣ್ಮಣಿಯ ಕತೆಯನ್ನು ಕೇರಿಯ ಜಗಲಿಯಲ್ಲಿ ಹೇಳಿ, ಓದು ಬಾರದ ಅವ್ವ ಅಪ್ಪಂದಿರಿಗೂ ಹೇಳಿ. ಈಗ ಪ್ರಶ್ನೆ ಇದ್ದವರು ಕೇಳಿ. ಆಮೇಲೆ ಹಾಡು, ಆಮೇಲೆ ಊಟ. ಜೈಭೀಮ್.